ನಲ್ಲಿ ನೀರು ಕುಡಿಯಲು ಯೋಗ್ಯವಾಗಿದೆ

ಮೇ 11

ವಕೀಲ ಸಾಹೇಬರಿಗೆ,

ಐದನೇ ವಯಸ್ಸಿಗೇ ಎರಡೂ ಕಡೆಯ ವಾದ ಒಬ್ಬನೇ ಮಾಡುತ್ತಿದ್ದವನಿಗೆ ಅಪ್ಪ ಇಟ್ಟ ಹೆಸರು. ನೀನು ಆರೋಗ್ಯ ಇಲಾಖೆಯ ವಾರ್ತಾಧಿಕಾರಿಯಾಗಿ ಕೂದಲು ನರೆತರೂ ಅದು ನನ್ನ ಬಾಯಿಂದ ಹೋಗುವುದಿಲ್ಲ. ಈ ಕಾಗದವನ್ನು ಎಂದಿನಂತೆ ರಾಜಧಾನಿ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಿದ್ದೇನೆ. ಫೋನು ಮಾಡು ಅನ್ನಬೇಡ. ದಿನವಿಡೀ ನಿಲ್ದಾಣದ ಮೈಕಿನ ಮುಂದೆ ಬಸ್ಸುಗಳನ್ನು ಕೂಗಿ ಮನೆಗೆ ಬಂದವಳಿಗೆ ಫೋನಿಗೆಂದು ಗಂಟಲು ಉಳಿದಿರುವುದಿಲ್ಲ.

ಊರಿನಲ್ಲಿ ವಾಂತಿಭೇದಿ ಶುರುವಾಗಿ ಒಂಬತ್ತು ದಿನವಾಯಿತು. ಆಸ್ಪತ್ರೆಯ ವರಾಂಡದಲ್ಲೂ ಚಾಪೆ ಹಾಕಿ ಮಲಗಿಸಿದ್ದಾರೆ. ನಿನ್ನ ಇಲಾಖೆಯ ಪ್ರಕಟಣೆ ಮಾತ್ರ ದಿನಾ ಅದೇ: "ಪರಿಸ್ಥಿತಿ ಸಂಪೂರ್ಣ ಹತೋಟಿಯಲ್ಲಿದೆ. ಸಾರ್ವಜನಿಕರು ಆತಂಕಕ್ಕೆ ಒಳಗಾಗಬಾರದು." ನಮ್ಮ ಕ್ಯಾಂಟೀನಿನವನು ಅದನ್ನು ಗಟ್ಟಿಯಾಗಿ ಓದಿ, "ಒಳಗಾಗಬಾರದಂತೆ ಮೇಡಂ. ಸರಿ, ಹೊರಗೇ ನಿಂತ್ಕೊಂಡು ಹೆದರ್ತೀನಿ" ಅಂದ.

ಅವನ ಹೆಂಡತಿ ಅವನಿಗಿಂತ ಜಾಣೆ. ನೀರು ಬಿಡುವವನು ಹೋದ ವಾರ "ವಾಸನೆ ಯಾಕೋ ಸರಿ ಇಲ್ಲಕ್ಕ" ಅಂದನಂತೆ. ಅಂದಿನಿಂದ ಒಂದು ಒಲೆಯನ್ನು ಅದಕ್ಕೆಂದೇ ಇಟ್ಟು, ಪ್ರಯಾಣಿಕರ ಡ್ರಮ್ಮಿಗೆ ಕುದಿಸಿ ಆರಿಸಿದ ನೀರನ್ನೇ ತುಂಬುತ್ತಾಳೆ. "ಟೀ ಮಾರ್ತೀಯೋ ಬಿಸಿನೀರು ಮಾರ್ತೀಯೋ?" ಅಂತ ಗಂಡ ರೇಗಿಸುತ್ತಾನೆ.

ಬಸ್ಸಿನ ವೇಳೆ ಕೇಳುತ್ತಿದ್ದವರು ಈಗ ನನ್ನ ಕಿಟಕಿಗೆ ಮುಖವಿಟ್ಟು "ನೀರು ಕುಡೀಬಹುದಾ ಮೇಡಂ?" ಅನ್ನುತ್ತಾರೆ. ಗೊತ್ತಿಲ್ಲ ಅನ್ನುತ್ತೇನೆ. ವಿಚಿತ್ರ ನೋಡು, ಅಷ್ಟಕ್ಕೇ ತಲೆಯಾಡಿಸಿ ಸಮಾಧಾನದಿಂದ ಹೋಗುತ್ತಾರೆ. ನಿನಗೆ ಗೊತ್ತಿದ್ದರೆ ತಿಳಿಸು.

ಅಕ್ಕ

*

ಮೇ 13

ಅಕ್ಕಾ,

ಪ್ರಕಟಣೆಯನ್ನು ನಾನು ಬರೆಯುತ್ತೇನೆ ಎಂದು ನೀನು ತಿಳಿದಿದ್ದೀಯ. ಅದು ಅರ್ಧ ನಿಜ. ಬೆಳಗ್ಗೆ ನಾನು ಹನ್ನೆರಡು ಸಾಲು ಬರೆಯುತ್ತೇನೆ. ಉಪನಿರ್ದೇಶಕರು ಐದು ಹೊಡೆದುಹಾಕುತ್ತಾರೆ. ನಿರ್ದೇಶಕರು ಉಳಿದದ್ದರಲ್ಲಿ "ಬಹುಶಃ", "ಇನ್ನೂ ತಿಳಿದಿಲ್ಲ" ಎಂಬ ಮಾತುಗಳನ್ನು ಹುಡುಕಿ ಕೆಂಪು ಶಾಯಿಯಲ್ಲಿ ಸುತ್ತುತ್ತಾರೆ. ಸರ್ಕಾರಕ್ಕೆ ತಿಳಿಯದಿರುವುದು ಅಂತ ಇರಬಾರದು ಎನ್ನುವುದು ಅವರ ನಂಬಿಕೆ. ಹದಿನೇಳು ವರ್ಷದಲ್ಲಿ ಅದು ನನ್ನ ಅಭ್ಯಾಸವೂ ಆಗಿದೆ. ಈಗ ಬರೆಯುವಾಗಲೇ ಕೈ ಆ ಪದಗಳನ್ನು ಬಿಟ್ಟು ಮುಂದೆ ಹೋಗುತ್ತದೆ.

ನಿನ್ನೆ ಸಭೆಯಲ್ಲಿ ಒಂದು ಮಾತು ಬಂತು. ನಿಮ್ಮ ಊರಿನಲ್ಲಿ ನಮ್ಮ ಪ್ರಕಟಣೆಯನ್ನು ಯಾರೂ ನಂಬುತ್ತಿಲ್ಲ. ಯಾರೂ ನನ್ನನ್ನು ಕೇಳಿರಲಿಲ್ಲ. ಆದರೂ ಎದ್ದು ನಿಂತು, ಆ ಊರು ನಂಬುವ ದನಿ ಒಂದಿದೆ, ಅದು ಬಸ್ ನಿಲ್ದಾಣದಲ್ಲಿದೆ ಎಂದೆ. ನಿರ್ದೇಶಕರು ನನ್ನತ್ತ ತಿರುಗಿ ನೋಡಿದರು. ಎಷ್ಟೋ ವರ್ಷಗಳ ಮೇಲೆ ಅವರು ನನ್ನನ್ನು ನೋಡಿದ್ದು ಅನ್ನಿಸಿತು. ಸಂತೋಷವಾಯಿತು. ನಾಚಿಕೆಯ ವಿಷಯ, ಆದರೆ ಆಯಿತು.

ನೀನು ಓದಬೇಕಾದ ಹಾಳೆ ಇದರೊಳಗಿದೆ. ಧ್ವನಿಮುದ್ರಣಕ್ಕೆ ಇಲಾಖೆಯವರೇ ಅಲ್ಲಿಗೆ ಬರುತ್ತಾರೆ. ಮೈಕಿನ ಗಾಡಿಗಳು ಅದನ್ನು ಬೀದಿ ಬೀದಿಯಲ್ಲಿ ಹಾಕುತ್ತವೆ. ಮುಖ್ಯ ಸಾಲು ಇಷ್ಟೇ: "ನೀರನ್ನು ಪರೀಕ್ಷಿಸಲಾಗಿದೆ. ನಲ್ಲಿ ನೀರು ಕುಡಿಯಲು ಯೋಗ್ಯವಾಗಿದೆ."

ತಮ್ಮ

*

ಮೇ 15

ವಕೀಲಾ,

ಹಾಳೆ ಓದಿದೆ. ಒಂದು ಪ್ರಶ್ನೆ ಇದೆ. ಅದಕ್ಕೆ ಮೊದಲು ನನ್ನ ಕೆಲಸದ ಒಂದು ವಿಷಯ ಹೇಳುತ್ತೇನೆ.

ನನಗೆ ಕೆಲಸ ಕಲಿಸಿದ ಕಂಟ್ರೋಲರ್ ಕಟ್ಟುನಿಟ್ಟಿನ ಮನುಷ್ಯ. "ಬಸ್ಸಿನ ಬೋರ್ಡು ನಿನ್ನ ಕಣ್ಣಿಗೆ ಬೀಳೋ ತನಕ ಬಂತು ಅನ್ನಬೇಡ. ತಡ ಆದ್ರೆ ತಡ ಅನ್ನು. ಎಷ್ಟು ತಡ ಅಂತ ತಿಳೀದಿದ್ರೆ ತಿಳೀದು ಅನ್ನು. ಜನ ಕಾಯ್ತಾರೆ, ಬೈತಾರೆ, ಆದ್ರೆ ಹೋಗಲ್ಲ. ಐದು ನಿಮಿಷ ಅಂತ ಒಂದ್ಸಲ ಸುಳ್ಳು ಹೇಳಿದ್ಯೋ, ಆಮೇಲೆ ಬಸ್ಸು ಎದುರಿಗೆ ಬಂದು ನಿಂತ್ರೂ ನಂಬಲ್ಲ." ಇಪ್ಪತ್ತಾರು ವರ್ಷ ಹಾಗೆಯೇ ನಡೆಸಿದ್ದೇನೆ. ಊರು ನನ್ನನ್ನು ನಂಬುವುದು ದನಿ ಚೆನ್ನಾಗಿದೆ ಅಂತಲ್ಲ.

ಪ್ರಶ್ನೆ ಇದು. ನೀರಿನ ವರದಿಯನ್ನು ನೀನು ನಿನ್ನ ಕಣ್ಣಾರೆ ನೋಡಿದ್ದೀಯಾ? ಹೌದು ಅಥವಾ ಇಲ್ಲ. ವಕೀಲಿಕೆ ಬೇಡ.

ಅಕ್ಕ

*

ಮೇ 16

ಅಕ್ಕಾ,

ಹೌದು. ವರದಿ ಈಗ ನನ್ನ ಮೇಜಿನ ಮೇಲೆಯೇ ಇದೆ. ಸಹಿ, ಮೊಹರು ಎಲ್ಲ ನೋಡಿದ್ದೇನೆ.

ಗಾಡಿಗಳು ನಾಳೆ ಹೊರಡಬೇಕು. ದಯವಿಟ್ಟು ಓದಿಬಿಡು.

ತಮ್ಮ

*

ಮೇ 19

ವಕೀಲ ಸಾಹೇಬರಿಗೆ,

ನಿಮ್ಮ ವಾಕ್ಯಗಳಿಗೆ ಉಸಿರು ಎಳೆದುಕೊಳ್ಳಲು ಎಡೆಯೇ ಇಲ್ಲವಲ್ಲ ಮಾರಾಯರೇ! ಧ್ವನಿಮುದ್ರಣಕ್ಕೆ ಬಂದವರು ನನ್ನಿಂದ ಆರು ಸಲ ಓದಿಸಿದರು. ನೀನು ಹೌದು ಅಂದಿದ್ದರಿಂದ ಒಂದು ಅಕ್ಷರ ಬದಲಿಸದೆ ಓದಿದೆ.

ಹದಿನೇಳರ ಮಧ್ಯಾಹ್ನ ತರಕಾರಿ ಕೊಳ್ಳುತ್ತಿದ್ದೆ. ಬೀದಿಯ ತಿರುವಿನಲ್ಲಿ ಗಾಡಿ ಬಂತು, ಅದರೊಳಗೆ ನಾನು. ಬದನೆಕಾಯಿ ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟೆ. ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ಕೇಳಿದರು. ಒಬ್ಬಳು "ನಮ್ಮ ಬಸ್‌ಸ್ಟ್ಯಾಂಡ್ ಮೇಡಂ ಕಣೇ, ಇನ್ನೇನು ಭಯ ಇಲ್ಲ ಬಿಡು" ಅಂದಳು. ಸುಳ್ಳು ಯಾಕೆ ಹೇಳಲಿ, ಮನೆಗೆ ಹೋಗುವವರೆಗೂ ಬೀಗುತ್ತಲೇ ನಡೆದೆ.

ಕ್ಯಾಂಟೀನಿನವಳು ಆ ಒಲೆಯನ್ನು ಆರಿಸಿದ್ದಾಳೆ. "ನೀವೇ ಹೇಳಿದ ಮೇಲೆ ನಂದೇನು ದೊಡ್ಡಸ್ತಿಕೆ ಮೇಡಂ?" ಅಂದಳು. ಅವಳ ಗಂಡ ನಲ್ಲಿಗೇ ಲೋಟ ಹಿಡಿದು, ನನ್ನ ಕಡೆ ಎತ್ತಿ ತೋರಿಸಿ ಗಟಗಟ ಕುಡಿದ. "ಸರ್ಕಾರದ ಆರೋಗ್ಯಕ್ಕೆ!" ಅಂತ ಕೂಗಿದ. ಸಾಲಿನಲ್ಲಿ ನಿಂತವರೆಲ್ಲ ನಕ್ಕರು.

ಅಕ್ಕ

*

ಮೇ 22

ಅಕ್ಕಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ.

ಇಲ್ಲಿ ಸೆಕೆ ಹೆಚ್ಚು. ಫ್ಯಾನು ಕೆಟ್ಟಿದೆ. ಕೆಲಸದ ಒತ್ತಡ.

ಮನೆಯಲ್ಲಿ ನೀನು ಮಾತ್ರ ನೀರು ಕಾಯಿಸಿ ಕುಡಿ. ವಿಶೇಷ ಕಾರಣವೇನೂ ಇಲ್ಲ. ನಿನ್ನ ವಯಸ್ಸಿಗೆ ಒಳ್ಳೆಯದು.

ತಮ್ಮ

*

ಮೇ 24

ವಕೀಲಾ,

ನನ್ನ ವಯಸ್ಸಂತೆ! ನಿನಗಿಂತ ಮೂರೇ ವರ್ಷ ದೊಡ್ಡವಳು. ಓದಿ ನಗು ಬಂತು. ಕೊನೆಗಾಲದಲ್ಲಿ ಅಮ್ಮ ಹೀಗೇ ಎಲ್ಲದಕ್ಕೂ ಕಾಯಿಸು, ಸೋಸು, ಮುಚ್ಚಿಡು ಅನ್ನುತ್ತಿದ್ದಳು. ಅವಳ ಹೆದರಿಕೆ ನಿನಗೆ ಬಂದಿದೆ, ಅವಳ ಮೂಗು ನನಗೆ.

ಊರಿಗೆಲ್ಲ ಕುಡಿಯಿರಿ ಅಂತ ಹೇಳಿ ನಾನು ಮಾತ್ರ ಕಾಯಿಸಿ ಕುಡಿದರೆ ಏನು ಚೆಂದ? ಕ್ಯಾಂಟೀನಿನ ನಲ್ಲಿಯಲ್ಲೇ ಕುಡಿಯುತ್ತಿದ್ದೇನೆ. ಫ್ಯಾನು ರಿಪೇರಿ ಮಾಡಿಸಿಕೋ.

ಅಕ್ಕ

*

ಮೇ 29

ಕ್ಯಾಂಟೀನಿನವನು ನಿನ್ನೆ ಹೋದ.

ಇಪ್ಪತ್ತಾರಕ್ಕೆ ಶುರುವಾಯಿತು. ಆಸ್ಪತ್ರೆಯಲ್ಲಿ ಜಾಗ ಸಿಗುವ ಹೊತ್ತಿಗೆ ಅವನ ಮುಖ ಒಣಗಿದ ಬಟ್ಟೆಯ ಹಾಗಾಗಿತ್ತು. ಆ ವಾರ್ಡಿನಲ್ಲಿ ಇಪ್ಪತ್ತೆರಡು ಜನ, ಎಲ್ಲರೂ ನಮ್ಮ ನಿಲ್ದಾಣದ ಸುತ್ತಿನ ತಗ್ಗಿನ ಬೀದಿಗಳವರು. ನನಗೂ ಎರಡು ದಿನ ಭೇದಿ. ನಾನು ಎದ್ದೆ.

ಅವನ ಹೆಂಡತಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಆಗುತ್ತಿತ್ತು. "ಒಲೆ ಆರಿಸಿದ್ದು ನಾನೇ ಅಲ್ವಾ ಮೇಡಂ" ಅಂದಳು. ಆಮೇಲೆ ತನಗೆ ತಾನೇ ಹೇಳಿಕೊಳ್ಳುವ ಹಾಗೆ, "ಒಂಬತ್ತು ದಿನ ಕುದಿಸಿದ್ದೆ, ಏನೂ ಆಗಿರಲಿಲ್ಲ" ಅಂದಳು.

ಗಾಡಿ ಈಗಲೂ ದಿನಕ್ಕೆರಡು ಸಲ ನನ್ನ ದನಿಯಲ್ಲಿ ಹೇಳಿಕೊಂಡು ಹೋಗುತ್ತಿದೆ.

ನೀನು ಮೇ 22ರಂದು ಕಾಯಿಸಿ ಕುಡಿ ಎಂದು ಬರೆದೆ. ಆ ದಿನ ನಿನಗೆ ಏನು ಗೊತ್ತಿತ್ತು? 16ರಂದು ಮೇಜಿನ ಮೇಲಿದ್ದ ವರದಿ ಯಾವ ನೀರಿನದು?

*

ಜೂನ್ 2

ಅಕ್ಕಾ,

ಮೂರು ದಿನ ಉತ್ತರ ಬರೆದು ಹರಿದೆ. ಹರಿದ ಹಾಳೆಗಳಲ್ಲಿ ನಾನು ಇದಕ್ಕಿಂತ ಒಳ್ಳೆಯವನಾಗಿದ್ದೆ.

16ರಂದು ನಾನು ನೋಡಿದ ವರದಿ ಶುದ್ಧೀಕರಣ ಘಟಕದ ನೀರಿನದು. ಆ ನೀರು ಶುದ್ಧವಾಗಿಯೇ ಇತ್ತು. ಮನೆಯ ನಲ್ಲಿಗಳಿಂದ ತೆಗೆದ ನೀರಿನ ವರದಿ ಇನ್ನೂ ಬಂದಿರಲಿಲ್ಲ. ಅದು ನನಗೆ ಗೊತ್ತಿತ್ತು. ನೀನು ವರದಿ ನೋಡಿದ್ದೀಯಾ ಎಂದು ಕೇಳಿದೆ. ಯಾವ ವರದಿ ಎಂದು ಕೇಳಲಿಲ್ಲ. ನಾನು ನೋಡಿದ್ದೇನೆ ಎಂದೆ.

ಎರಡನೆಯದು 20ರಂದು ಬಂತು. ತಗ್ಗಿನ ಬೀದಿಗಳಲ್ಲಿ ಹಳೆಯ ಪೈಪು ಚರಂಡಿಯ ಪಕ್ಕದಲ್ಲೇ ಹೋಗಿದೆ, ಎಲ್ಲೋ ಒಡೆದಿದೆ. ಅಲ್ಲಿನ ನೀರು ಕುಡಿಯುವಂಥದಲ್ಲ. ನಿರ್ದೇಶಕರು ಓದಿ, "ಮೂರು ದಿನದ ಹಿಂದೆ ಯೋಗ್ಯ ಅಂದ್ವಿ, ಈಗ ಅಯೋಗ್ಯ ಅಂದ್ರೆ ನಮ್ಮ ಮರ್ಯಾದೆ ಏನ್ರೀ ಉಳೀತು? ಪೈಪು ಸರಿ ಮಾಡ್ಸೋಣ, ಆಮೇಲೆ ನೋಡೋಣ" ಎಂದರು. ತಲೆಯಾಡಿಸಿದವರಲ್ಲಿ ನಾನೂ ಒಬ್ಬ. ಬಂದು ನಿನಗೆ ಫ್ಯಾನಿನ ವಿಷಯ ಬರೆದೆ.

ಈಗ ಸಾವುಗಳ ನಂತರ ಹೊಸ ಹಾಳೆ ತಯಾರಾಗಿದೆ. ಇದರೊಳಗೆ ಇಟ್ಟಿದ್ದೇನೆ. "ಮುನ್ನೆಚ್ಚರಿಕೆಯ ದೃಷ್ಟಿಯಿಂದ ಸಾಧ್ಯವಾದಲ್ಲಿ ನೀರನ್ನು ಕಾಯಿಸಿ ಬಳಸುವುದು ಉತ್ತಮ." ಅದರ ಮೇಲೆ ನಾನು ಇನ್ನೊಂದು ಸಾಲು ಬರೆದಿದ್ದೆ: ಮೇ 17ರಂದು ನಾವು ಹೇಳಿದ್ದು ತಪ್ಪಾಗಿತ್ತು. ಅದನ್ನು ಹೊಡೆದುಹಾಕಿದ್ದಾರೆ. ಹೊಡೆಯುತ್ತಾರೆಂದು ಗೊತ್ತಿದ್ದೇ ಬರೆದೆನೇನೋ. ಬರೆದೆ ಎಂದು ನಿನಗೆ ಹೇಳಲು.

ಓದುತ್ತೀಯಾ? ನೀನು ಓದದಿದ್ದರೆ ಜನ ಕೇಳುವುದಿಲ್ಲ.

ತಮ್ಮ

*

ಜೂನ್ 4

ಓದಲಿಲ್ಲ. ಧ್ವನಿಮುದ್ರಣಕ್ಕೆ ಬಂದವರನ್ನು ವಾಪಸು ಕಳಿಸಿದೆ. ಬೆಳಗ್ಗೆ ಹತ್ತೂವರೆಗೆ ನಿಲ್ದಾಣ ತುಂಬಿರುತ್ತದೆ. ಆ ಹೊತ್ತಿಗೆ ನನ್ನ ಮೈಕಿನಲ್ಲಿ ಹೇಳಿದ್ದು ಇದು. ನಿನ್ನ ಕಡತಕ್ಕೆ ಬೇಕಾಗುತ್ತದೆ, ಹೇಳಿದ ಹಾಗೆಯೇ ಬರೆಯುತ್ತೇನೆ.

"ಪ್ರಯಾಣಿಕರೇ, ಒಂದು ನಿಮಿಷ. ಇದು ಬಸ್ಸಿನ ವಿಷಯ ಅಲ್ಲ. ನಲ್ಲಿ ನೀರು ಕುಡೀಬಹುದು ಅಂತ ಗಾಡೀಲಿ ಕೇಳ್ತಿದ್ದೀರಲ್ಲ, ಆ ದನಿ ನಂದೇ. ಆ ಮಾತು ತಪ್ಪು. ಪರೀಕ್ಷೆ ಮಾಡಿದ್ದು ಘಟಕದ ನೀರು, ನಿಮ್ಮ ಮನೆ ನಲ್ಲೀದಲ್ಲ. ತಗ್ಗಿನ ಬೀದಿಗಳ ಪೈಪಿಗೆ ಚರಂಡಿ ನೀರು ಸೇರ್ತಿದೆ. ಬೇರೆ ಬೀದಿಗಳದು ನನಗೆ ಗೊತ್ತಿಲ್ಲ. ಗೊತ್ತಾಗೋ ತನಕ ಎಲ್ಲರೂ ಕುದಿಸಿ ಕುಡೀರಿ. ಬರೀ ಬಿಸಿಯಾದ್ರೆ ಸಾಲದು, ಚೆನ್ನಾಗಿ ಮರಳಬೇಕು. ಭೇದಿ ಶುರುವಾದ್ರೆ ಕುದಿಸಿದ ನೀರಿಗೆ ಉಪ್ಪು ಸಕ್ಕರೆ ಹಾಕಿ ಕುಡಿಸ್ತಾ ಆಸ್ಪತ್ರೆಗೆ ಹೋಗಿ, ಕಾಯಬೇಡಿ. ನಾಳೆ ಇದೇ ಹೊತ್ತಿಗೆ ಗೊತ್ತಾದಷ್ಟು ಹೇಳ್ತೀನಿ. ಏನೂ ಗೊತ್ತಾಗದಿದ್ರೆ ಅದನ್ನೂ ಹೇಳ್ತೀನಿ."

ಯಾರೂ ಕೂಗಾಡಲಿಲ್ಲ. ಒಬ್ಬ ಮುದುಕ ಕಿಟಕಿಗೆ ಬಂದು, "ಎಷ್ಟೊತ್ತು ಮರಳಬೇಕಮ್ಮ?" ಅಂತ ಕೇಳಿದ. ಇನ್ನೊಬ್ಬ ನನ್ನ ಮುಖ ನೋಡಿ ಉಗುಳಿ ಹೋದ. ಇಬ್ಬರದೂ ಸರಿ. ಡ್ರೈವರುಗಳು ತಾವೇ ಒಪ್ಪಿಕೊಂಡು, ನಿಂತ ನಿಲ್ದಾಣದಲ್ಲೆಲ್ಲ ಹೇಳಿಕೊಂಡು ಹೋದರು. ಕ್ಯಾಂಟೀನಿನವಳು ಮೂರು ಒಲೆ ಹಚ್ಚಿದ್ದಾಳೆ. ಇಂದು ಮಧ್ಯಾಹ್ನ ತಗ್ಗಿನ ಬೀದಿಗಳಲ್ಲಿ ನಡೆದು ಬಂದೆ. ಮನೆಮನೆಯಲ್ಲೂ ಪಾತ್ರೆ ಕುದಿಯುವ ಸದ್ದು.

*

ಜೂನ್ 6

ಅಕ್ಕಾ,

ನೀನು ಮಾಡಿದ್ದು ಇಲ್ಲಿ ಹೇಗೆ ಕೇಳಿಸಿತು ಎಂದು ತಿಳಿಸುವುದು ನನ್ನ ಕೆಲಸ. ಬೇರೇನೂ ಮಾಡಲಾಗದಿದ್ದರೂ ಅದನ್ನು ಮಾಡುತ್ತೇನೆ.

"ಬಸ್ ನಿಲ್ದಾಣದಲ್ಲೇ ಕೂತು ಹೆದರಿಸಿದ್ದಾಳೆ, ಊರಿಗೆ ಊರೇ ಬಸ್ಸು ಹತ್ತಿ ಹೋಗುತ್ತೆ" ಎಂದು ನಿರ್ದೇಶಕರು ಮೇಜು ಗುದ್ದಿದರು. ಯಾರೂ ಹೋಗಿಲ್ಲ, ಎಲ್ಲರೂ ಮನೆಗೆ ಹೋಗಿ ನೀರು ಕಾಯಿಸಿದ್ದಾರೆ ಎಂದು ಹೇಳಬಹುದಿತ್ತು. ನಿನ್ನ ಕಾಗದ ನನ್ನ ಜೇಬಿನಲ್ಲೇ ಇತ್ತು. "ಇವಳು ನಿಮ್ಮ ಅಕ್ಕ ಅಲ್ವೇನ್ರೀ?" ಎಂದರು. ಹೌದು ಎಂದೆ. "ಹಾಗಾದ್ರೆ ನಿರಾಕರಣೆ ನೀವೇ ಬರೀರಿ."

ಬರೆದೆ. "ನಲ್ಲಿ ನೀರಿನ ಬಗ್ಗೆ ಅಧಿಕಾರವಿಲ್ಲದ ವ್ಯಕ್ತಿಗಳು ಹಬ್ಬಿಸುತ್ತಿರುವ ಮಾಹಿತಿಗೆ ಸಾರ್ವಜನಿಕರು ಕಿವಿಗೊಡಬಾರದು." ನಾಳೆ ಪೇಪರಿನಲ್ಲಿ ಬರುತ್ತದೆ. ಈ ಸಲ ಒಂದು ಪದವನ್ನೂ ಹೊಡೆದುಹಾಕಲಿಲ್ಲ. ಹದಿನೇಳು ವರ್ಷದಲ್ಲಿ ಮೊದಲ ಬಾರಿಗೆ ನಾನು ಬರೆದದ್ದು ಬರೆದ ಹಾಗೆಯೇ ಹೋಯಿತು.

ಗಾಡಿಗಳ ವಿಷಯವೂ ಏನೋ ತೀರ್ಮಾನವಾಗಿದೆ. ವಿವರ ನನಗೆ ಪೂರ್ತಿ ತಿಳಿಯದು.

ತಮ್ಮ

*

ಜೂನ್ 8

ವಿವರ ನಾನು ಹೇಳುತ್ತೇನೆ.

ನಿನ್ನೆ ಬೆಳಗ್ಗೆ ಈಗಿನ ಕಂಟ್ರೋಲರ್ ಮೆಮೊ ಕೊಟ್ಟ. ವಿಚಾರಣೆ ಮುಗಿಯುವವರೆಗೆ ಮೈಕ್ ಕೋಣೆಗೆ ಕಾಲಿಡುವಂತಿಲ್ಲ. ಕೊಡುವಾಗ ಅವನ ಕಣ್ಣು ನೆಲದ ಮೇಲಿತ್ತು. ನಾಲ್ಕರಿಂದ ದಿನಾ ಹತ್ತೂವರೆಗೆ ಹೇಳುತ್ತಿದ್ದೆನಲ್ಲ, ಜನ ನಿಂತಿದ್ದರು. ಎರಡು ದಿನ ಕಾಣದಿದ್ದ ಗಾಡಿ ಆ ಹೊತ್ತಿಗೇ ಮತ್ತೆ ಬಂತು. ಹೊಸ ದನಿ ಯಾವುದೂ ಸಿಗಲಿಲ್ಲ ಅಂತ ಕಾಣುತ್ತದೆ. ಮೇ 17ರ ನನ್ನ ದನಿಯನ್ನೇ ಹಾಕಿದ್ದಾರೆ. ನೀರನ್ನು ಪರೀಕ್ಷಿಸಲಾಗಿದೆ.

ನಾನು ಗಾಡಿಯ ಹಿಂದೆ ನಡೆದೆ. ಹೌದು, ಬೀದಿಯಲ್ಲಿ, ಈ ವಯಸ್ಸಿನಲ್ಲಿ. "ಅದು ಹಳೇದು, ಕೇಳಬೇಡಿ, ಕುದಿಸಿ ಕುಡೀರಿ" ಅಂತ ಕೂಗುತ್ತಾ ಹೋದೆ. ಗಾಡಿಯಲ್ಲಿದ್ದವಳ ದನಿ ದೊಡ್ಡದು, ದಣಿಯುವುದಿಲ್ಲ. ನನ್ನ ಗಂಟಲು ಮೂರನೇ ಬೀದಿಗೇ ಬಿದ್ದುಹೋಯಿತು. ಅಲ್ಲೊಬ್ಬ ಹೆಂಗಸು, ಸೊಂಟದಲ್ಲಿ ಕೂಸು, ತಡೆದು ನಿಲ್ಲಿಸಿದಳು. "ಕುಡೀರಿ ಅಂತೀರಿ, ಬೇಡ ಅಂತೀರಿ, ಮತ್ತೆ ಕುಡೀರಿ ಅಂತೀರಿ. ನಮ್ಮನ್ನೇನು ಆಟ ಆಡಿಸ್ತಿದ್ದೀರಾ?" ಅಂದಳು. ಅವಳ ಮನೆಯ ಒಲೆ ಆರಿತ್ತು.

ನಾನು ಹೇಳಿದರೆ ಇನ್ನು ಆಗುವುದಿಲ್ಲ. ಮೊಹರು ಹಾಕಿದ ಹಾಳೆ ಕಣ್ಣಿಗೆ ಕಂಡರೆ ನಂಬುತ್ತಾರೆ. 20ರ ವರದಿ ನಿನ್ನ ಬಳಿ ಇದೆ. ಅದರ ಪ್ರತಿ ಕಳಿಸು. ನಿಲ್ದಾಣದ ಕಂಬಕ್ಕೆ ಅಂಟಿಸುತ್ತೇನೆ, ಮನೆಮನೆಗೆ ಹಿಡಿದುಕೊಂಡು ಹೋಗುತ್ತೇನೆ. ಇಷ್ಟು ವರ್ಷದಲ್ಲಿ ನಿನ್ನನ್ನು ಏನೂ ಕೇಳಿಲ್ಲ. ಇದನ್ನು ಕೇಳುತ್ತಿದ್ದೇನೆ.

*

ಜೂನ್ 10

ಅಕ್ಕಾ,

ಇಂದು ಸಂಜೆ ವರದಿಯ ಪ್ರತಿಯನ್ನು ಚೀಲದಲ್ಲಿಟ್ಟುಕೊಂಡು ಇಲ್ಲಿನ ಬಸ್ ನಿಲ್ದಾಣಕ್ಕೆ ಬಂದೆ. ಬಸ್ಸು ಹೊರಡಲು ಇನ್ನೂ ಅರ್ಧ ಗಂಟೆ ಇತ್ತು. ಕಲ್ಲಿನ ಬೆಂಚಿನ ಮೇಲೆ ಕುಳಿತೆ.

ಪ್ರತಿ ಹಾಳೆಯ ಬಲ ಮೂಲೆಯಲ್ಲಿ ಒಂದು ಸಂಖ್ಯೆ ಇದೆ. ಒಟ್ಟು ಆರು ಪ್ರತಿ, ನನ್ನದು ನಾಲ್ಕನೆಯದು. ಕಂಬದ ಮೇಲೆ ಕಂಡ ದಿನವೇ ಯಾರದೆಂದು ತಿಳಿಯುತ್ತದೆ. ಮೂಲೆ ಕತ್ತರಿಸಬಹುದು ಎಂದುಕೊಂಡೆ. ಕತ್ತರಿಸಿದ ಹಾಳೆಯನ್ನು ಯಾರು ನಂಬುತ್ತಾರೆ ಎಂದುಕೊಂಡೆ. ಕೈಯಲ್ಲಿ ನಕಲು ಮಾಡಿ ಕೊಡಬಹುದು ಎಂದುಕೊಂಡೆ, ಅದಕ್ಕೆ ಮೊಹರಿಲ್ಲ. ನಿವೃತ್ತಿಗೆ ಇನ್ನೂ ಹನ್ನೊಂದು ವರ್ಷ, ಮಗಳ ಓದು ಎಂದುಕೊಂಡೆ. ಒಂದೊಂದು ವಾದಕ್ಕೂ ಎದುರು ವಾದ ಸಿಕ್ಕಿತು, ಎರಡೂ ಕಡೆ ಚೆನ್ನಾಗಿತ್ತು. ಡ್ರೈವರ್ ಇಂಜಿನ್ ಶುರು ಮಾಡಿ ಕಿಟಕಿಯಿಂದ ಕೈ ಚಾಚಿ, "ಕೊಡಿ ಸಾರ್, ಮೇಡಂ ಕಾಯ್ತಿರ್ತಾರೆ" ಎಂದ.

ನಾನು ನನ್ನನ್ನು ಅರ್ಥಮಾಡಿಕೊಳ್ಳಲು ಯತ್ನಿಸುತ್ತಿದ್ದೇನೆ. ಹೆದರಿಕೆ ಎಂದರೆ ಸುಲಭವಾಯಿತು. ಸುಳ್ಳು ಹೇಳಿದಾಗಲೂ ನನಗೆ ಹೆದರಿಕೆ ಇರಲಿಲ್ಲ, ಒಂದು ಬಗೆಯ ನೆಮ್ಮದಿ ಇತ್ತು. ಜನರ ಹಿತಕ್ಕೆ ಜನರಿಂದ ಮುಚ್ಚಿಡುವವರ ಸಾಲಿನಲ್ಲಿ ನನಗೂ ಒಂದು ಕುರ್ಚಿ ಇದೆ ಎನ್ನುವ ನೆಮ್ಮದಿ. ಅದನ್ನು ಬಿಟ್ಟು ಏಳಲು ನನಗೆ ಇನ್ನಷ್ಟು ಸಮಯ ಬೇಕು. ನಿನಗೆ ಇದು ಅರ್ಥವಾಗುತ್ತದೆ ಎಂಬ ನಂಬಿಕೆಯಿಂದ ನಾಲ್ಕು ಪುಟ ಬರೆದೆ. ಉಳಿದದ್ದು ಮುಂದಿನ ಹಾಳೆಗಳಲ್ಲಿದೆ.

*

ಜೂನ್ 13

ಲಕೋಟೆಯಲ್ಲಿ ನಾಲ್ಕು ಹಾಳೆ ಇದ್ದವು. ನಾಲ್ಕನ್ನೂ ತಿರುಗಿಸಿ ನೋಡಿದೆ. ವರದಿ ಇರಲಿಲ್ಲ. ಮೊದಲ ಹಾಳೆ ಓದಿದೆ, ಉಳಿದವನ್ನು ಓದಿಲ್ಲ.

ನಿನ್ನೆ ಇನ್ನೂ ಮೂವರು. ಗಾಡಿಯ ಹಿಂದೆ ಹೋದಾಗ ನನ್ನನ್ನು ತಡೆದವಳ ಕೂಸು ಅದರಲ್ಲಿ ಒಂದು.

ತಗ್ಗಿನ ಬೀದಿಗಳಲ್ಲಿ ಇನ್ನೂರ ಹನ್ನೆರಡು ಮನೆ. ನಾನೂ ಕ್ಯಾಂಟೀನಿನವಳೂ ಇವತ್ತಿನಿಂದ ಒಂದೊಂದೇ ಬಾಗಿಲು ತಟ್ಟುತ್ತಿದ್ದೇವೆ. ನನಗೆ ದನಿ ಇನ್ನೂ ಬಂದಿಲ್ಲ, ಮಾತೆಲ್ಲ ಅವಳದೇ. "ನನ್ನ ಗಂಡ ಈ ನೀರು ಕುಡಿದು ಸತ್ತ" ಅನ್ನುತ್ತಾಳೆ. ಹೇಳಿ, ಒಳಗೆ ಒಲೆ ಹೊತ್ತುವವರೆಗೆ ಹೊಸಿಲಲ್ಲೇ ನಿಲ್ಲುತ್ತಾಳೆ. ಇಂದು ಹತ್ತೊಂಬತ್ತು ಬಾಗಿಲು ತಟ್ಟಿದೆವು. ಏಳು ತೆಗೆದರು.

ವರದಿ ಕಳಿಸುವುದಾದರೆ ಅದೊಂದನ್ನೇ ಕಳಿಸು. ಕಾಗದ ಬೇಡ.